ಖಾಲಿ ಪುಟಕ್ಕೂ ಶುಲ್ಕವಿದೆ

ಮಾರ್ಚ್ ೩, ಸೋಮವಾರ

ಇವತ್ತು ಭಾವ ಬಂದಿದ್ದ, ಬಗಲಲ್ಲಿ ಕಿಟಕಿಯಷ್ಟು ದೊಡ್ಡ ಚೌಕಟ್ಟು ಹಿಡಿದುಕೊಂಡು. ನನ್ನ ಹೆಂಡತಿಯ ಅಣ್ಣ. ವಿಮೆ ಮಾಡಿಸುವ ಕೆಲಸದಲ್ಲಿದ್ದಷ್ಟು ದಿನ ಮುಂದೇನಾಗುತ್ತದೋ ಎಂದು ಜನರನ್ನು ಹೆದರಿಸುತ್ತಿದ್ದವನು, ನಿವೃತ್ತನಾದ ಮೇಲೆ ಹಿಂದೇನಾಗಿತ್ತು ಎಂದು ಹೆದರಿಸಲು ಹೊರಟಿದ್ದಾನೆ. ಹಳೆಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಜಾಲತಾಣವೊಂದಿದೆಯಂತೆ. ದುಡ್ಡು ಕಟ್ಟಿದರೆ ಅಜ್ಜ, ಮುತ್ತಜ್ಜ, ಅವರಪ್ಪ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ತಂದು ನಿಲ್ಲಿಸುತ್ತದಂತೆ. ಹಾಗೆ ಒಂಬತ್ತು ತಲೆಮಾರು ಎಬ್ಬಿಸಿದ ಭಾವನಿಗೆ ಕೊನೆಗೆ ಒಬ್ಬ ಸೇನಾಪತಿ ಸಿಕ್ಕಿದ್ದಾನೆ. ಚೌಕಟ್ಟಿನೊಳಗಿನ ವಂಶವೃಕ್ಷದ ತುತ್ತತುದಿಯಲ್ಲಿ ಚಿನ್ನದ ಬಣ್ಣದ ಕತ್ತಿ.

"ನಮ್ಮಪ್ಪ ಬಸ್ಸಲ್ಲಿ ಟಿಕೆಟ್ ಹರೀತಿದ್ರಲ್ಲ, ಅವರೆಲ್ಲಿ ಅಣ್ಣ?" ಎಂದಳು ನನ್ನವಳು.

"ಕೆಳಗಡೆ ಇದಾರೆ. ಚೌಕಟ್ಟಿನ ಮರ ಸ್ವಲ್ಪ ಅಗಲ ಆಗಿ ಒಳಗೆ ಹೋಗಿದಾರೆ."

ಗೋಡೆ ಪಕ್ಕದ ಮಂಚದಿಂದ ಅತ್ತೆ ಕತ್ತೆತ್ತಿದಳು. ನಮ್ಮಪ್ಪನ ಅಕ್ಕ, ತೊಂಬತ್ತೊಂದು ವರ್ಷ. ಅವಳಿಗೆ ಕಿವಿ ಮಂದ ಎಂದು ನಾವೆಲ್ಲ ತಿಳಿದಿರುವುದು ಅವಳಿಗೆ ಬಹಳ ಅನುಕೂಲ.

"ಆ ಸೇನಾಪತಿ ಯುದ್ಧ ಗೆದ್ದನೋ ಸೋತನೋ?"

"ಅದನ್ನ ನೋಡ್ಬೇಕಾದ್ರೆ ಬೇರೆ ದುಡ್ಡು ಕಟ್ಬೇಕು ಅತ್ತೆ," ಎಂದ ಭಾವ.

"ಗೆದ್ದಿದ್ರೆ ಬಿಟ್ಟಿ ಹೇಳಿರೋರು."

ಅವನು ಹೋದ ಮೇಲೆ ನನಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿ ಹತ್ತಿಕೊಂಡಿತು. ದಾಖಲೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಬೈಂಡರ್ ಆಗಿದ್ದವನು ನಾನು. ಈ ಊರಿನಲ್ಲಿ ಹುಟ್ಟಿದವರು, ಸತ್ತವರು, ನಡುವೆ ತೆರಿಗೆ ಕಟ್ಟಿದವರು, ಎಲ್ಲರೂ ನನ್ನ ದಬ್ಬಣದ ಕೆಳಗೆ ಹಾದುಹೋದವರೇ. ನಾನು ಕತ್ತರಿಸಿದ ಅಂಚಿನ ಮೇಲೆ ನೊಣ ಕೂತರೆ ಜಾರಿ ಬೀಳಬೇಕು, ಅಷ್ಟು ನುಣುಪು. ಮೇಲಧಿಕಾರಿಗಳು ಕೊಟ್ಟ ಪ್ರಶಂಸಾಪತ್ರ ಗೋಡೆಯ ಮೇಲಿದೆ. ಅಂಥವನ ಮನೆಯಲ್ಲಿ ಸೇನಾಪತಿ ಇಲ್ಲ, ವಿಮೆಯವನ ಮನೆಯಲ್ಲಿದ್ದಾನೆ! ನಾನೂ ಒಬ್ಬನನ್ನು ಹುಡುಕಿಯೇ ತೀರುತ್ತೇನೆ.

ಮಾರ್ಚ್ ೪, ಮಂಗಳವಾರ

ಮಗಳು ಬಿಟ್ಟುಹೋದ ಲ್ಯಾಪ್‌ಟಾಪಿನ ಧೂಳು ಒರೆಸಿ ಜಾಲತಾಣ ತೆರೆದೆ. ಮೂರು ಯೋಜನೆಗಳಿವೆ. 'ಮೊಮ್ಮಗ' ಎಂಬುದು ಅಗ್ಗದ್ದು, ಅದರಲ್ಲಿ ಹೆಸರುಗಳು ಮಾತ್ರ ಕಾಣುತ್ತವೆ. 'ಸುಪುತ್ರ' ಆದರೆ ಪುಟ ಕಾಣುತ್ತದೆ, ಮಸುಕಾಗಿ. 'ಕುಲತಿಲಕ' ಆದರೆ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಒಂದು ಪುಟಕ್ಕೆ ಒಂದು 'ನೋಟ' ಖರ್ಚು, ನೋಟಗಳನ್ನು ಹತ್ತರ ಕಟ್ಟಿನಲ್ಲಿ ಬೇರೆಯಾಗಿ ಕೊಳ್ಳಬೇಕು. ಏನೂ ಕಟ್ಟದವನನ್ನು ಏನೆಂದು ಕರೆಯಬೇಕೆಂದು ಬರೆದಿಲ್ಲ. ಮರ್ಯಾದಸ್ಥ ಜನ.

ಸದ್ಯಕ್ಕೆ ಮೊಮ್ಮಗ ಆದೆ.

"ನಿಮ್ಮಜ್ಜ ಬದುಕಿದ್ದಾಗ ಬಿಟ್ಟಿಯಾಗೇ ಮೊಮ್ಮಗ ಆಗಿದ್ರಲ್ಲ ರೀ," ಎಂದಳು ಹೆಂಡತಿ, "ಆಗ ಒಂದಿನ ಅವರ ಹತ್ರ ಕೂತು ಮಾತಾಡಿಸಲಿಲ್ಲ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳಲ್ಲ ಇವಳು. ಎತ್ತು ಯಾಕೆ ಈಯಿತು ಎಂದು ಕೇಳುವವಳು. ಇಂಥವಳ ಜೊತೆ ಸಂಶೋಧನೆ ಮಾಡುವುದು ಕಷ್ಟ.

ಮಾರ್ಚ್ ೬, ಗುರುವಾರ

"ಆ ಕಿಂಡೀಲಿ ಆಸ್ಪತ್ರೆ ಪುಸ್ತಕ ಇದೆಯೇನೋ?"

ಮೂರು ದಿನದಿಂದ ಅತ್ತೆಯ ಕಾಟ ಇದೊಂದೇ. ಜಾಲತಾಣಕ್ಕೆ ಅವಳು ಕಿಂಡಿ ಎನ್ನುತ್ತಾಳೆ. ಸುಮ್ಮನಿರು ಅತ್ತೆ, ಸೇನಾಪತಿ ಹುಡುಕುತ್ತಿದ್ದೇನೆ ಎಂದರೆ ಕೇಳಬೇಕಲ್ಲ. ಇವತ್ತು ಊರುಗೋಲು ಚಾಚಿ ಲ್ಯಾಪ್‌ಟಾಪಿನ ಮುಚ್ಚಳವನ್ನೇ ಮುಚ್ಚಿಬಿಟ್ಟಳು.

"ಯಾವ ಆಸ್ಪತ್ರೆ?" ಎಂದೆ, ಸಿಟ್ಟಿನಿಂದಲೇ.

"ಊರಾಚೆ ಜ್ವರದ ಆಸ್ಪತ್ರೆ. ನಾನು ಒಂಬತ್ತು ವರ್ಷದೋಳು, ಗುಬ್ಬಿಗೆ ಐದು."

ಗುಬ್ಬಿ ಅಂದರೆ ಅವಳ ತಂಗಿ. ಒಬ್ಬಳಿದ್ದಳು, ಹೋದಳು ಎಂದಷ್ಟೇ ನಮಗೆ ಗೊತ್ತಿದ್ದದ್ದು. ನಮ್ಮ ಮನೆಯಲ್ಲಿ ಅದಕ್ಕಿಂತ ಹೆಚ್ಚು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಗಾಡಿ ಬಂತು. ಇಬ್ಬರನ್ನೂ ಒಂದೇ ಕಂಬಳೀಲಿ ಸುತ್ತಿ ಹಾಕ್ಕೊಂಡು ಹೋದ್ರು. ಅಮ್ಮ ಬಸುರಿ, ನಿಮ್ಮಪ್ಪ ಹೊಟ್ಟೇಲಿದ್ದ, ಅವಳನ್ನ ಆಸ್ಪತ್ರೆ ಬಾಗಿಲ ಹತ್ರಾನೂ ಬಿಡ್ಲಿಲ್ಲ. ನಂದು ಹದಿನಾಲ್ಕನೇ ಹಾಸಿಗೆ, ಅವಳದು ಹದಿನೈದು. ಎಷ್ಟೋ ದಿನ ಆದ್ಮೇಲೆ ಒಂದು ಬೆಳಿಗ್ಗೆ ದಾದಿ ಬಂದು, ನೀನು ವಾಸಿಯಾದೆ, ಏಳು, ಗಾಡಿ ನಿಂತಿದೆ ಅಂದ್ಲು. ಗುಬ್ಬಿ ಮುಸುಕು ಹೊದ್ಕೊಂಡು ಮಲಗಿದ್ಲು. ಹೇಳಿ ಬರ್ತೀನಿ ಅಂದೆ. ನಿದ್ದೆ ಮಾಡ್ತಿದಾಳೆ, ಎಬ್ಬಿಸಬೇಡ ಅಂದ್ಲು ದಾದಿ. ನಾನು ಎಬ್ಬಿಸ್ಲಿಲ್ಲ. ಬಂದ್ಬಿಟ್ಟೆ."

"ಆಮೇಲೆ?"

"ಆಮೇಲೇನು, ಅಪ್ಪ ಒಂದಿನ ಹೊರಗಿಂದ ಬಂದು ಗುಬ್ಬಿ ಹೋಯ್ತು ಅಂದ್ರು. ಯಾವತ್ತು ಅಂತ ಯಾರೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಆ ಮುಸುಕಿನೊಳಗೆ ಅವಳು ನಿದ್ದೆ ಮಾಡ್ತಿದ್ಲೋ, ಆಗ್ಲೇ ಹೋಗಿದ್ಲೋ? ದಾದಿ ನನಗೆ ಸುಳ್ಳು ಹೇಳಿದ್ಲೋ, ಇಲ್ಲ ಆ ಮಗು ಎದ್ದು ಪಕ್ಕದ ಹಾಸಿಗೆ ನೋಡಿ, ಅಕ್ಕ ಇಲ್ಲ ಅಂತ..."

"ಯಾವುದಾಗಿದ್ರೆ ನಿನಗೆ ಒಳ್ಳೇದು ಅತ್ತೆ?"

"ಎರಡೂ ಒಳ್ಳೇದಲ್ಲ. ಆದ್ರೂ ಒಂದು ಗೊತ್ತಾಗ್ಲಿ. ಎರಡನ್ನೂ ಹೊರೋ ವಯಸ್ಸಲ್ಲ ನಂದು."

ಜ್ವರದ ಆಸ್ಪತ್ರೆಯ ದಾಖಲಾತಿ ಪುಸ್ತಕ ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷದ ಹಿಂದೆ ಅದನ್ನು ಬಿಚ್ಚಿ ಹೊಸದಾಗಿ ಹೊಲಿದು, ಕೆಂಪು ಬಟ್ಟೆಯ ರಟ್ಟು ಹಾಕಿದವನೇ ನಾನು. ಪ್ರಶಂಸಾಪತ್ರ ಬಂದದ್ದೂ ಅದಕ್ಕೇ.

"ಕಟ್ಟಿದೋನು ಓದ್ಲಿಲ್ವಾ?" ಎಂದಳು ಅತ್ತೆ.

ಅವಳಿಗೆ ಕಸುಬಿನ ಗುಟ್ಟು ಎಲ್ಲಿಂದ ತಿಳಿಯಬೇಕು. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿದ್ದ: ಓದೋನು ಕಟ್ಟಲ್ಲ, ಕಟ್ಟೋನು ಓದಲ್ಲ. ಓದುತ್ತ ಕೂತರೆ ಕೈ ನಿಲ್ಲುತ್ತದೆ, ಗೋಂದು ಒಣಗುತ್ತದೆ. ಮೂವತ್ತೊಂದು ವರ್ಷ ನಾನು ಒಂದಕ್ಷರ ಓದಲಿಲ್ಲ. ಅದೇ ನನ್ನ ಹೆಗ್ಗಳಿಕೆ.

ನಾಲ್ಕು ದಿನದ ಕೆಲಸ, ಹುಡುಕಿ ಕೊಡುತ್ತೇನೆ ಎಂದೆ. ಆಮೇಲೆ ನಿಶ್ಚಿಂತೆಯಾಗಿ ಸೇನಾಪತಿ.

ಮಾರ್ಚ್ ೧೦, ಸೋಮವಾರ

ಸುಪುತ್ರ ಆದೆ. ಪುಟಗಳು ಕಾಣುತ್ತವೆ, ಹಬೆ ಹತ್ತಿದ ಕನ್ನಡಿಯಲ್ಲಿ ಮುಖ ಕಂಡ ಹಾಗೆ. ನಾನೇ ಕಟ್ಟಿದ ಕೆಂಪು ರಟ್ಟು ಮಾತ್ರ ಸ್ಪಷ್ಟವಾಗಿದೆ, ಅದು ಜಾಹೀರಾತಿಗೆ.

ಸಂಜೆ ಪತ್ರ ಬಂತು: "ನಿಮ್ಮ ಪೂರ್ವಜರು ನಿಮಗಾಗಿ ಕಾಯುತ್ತಿದ್ದಾರೆ! ಈ ಕೊಡುಗೆ ಇನ್ನು ಆರು ಗಂಟೆ ಮಾತ್ರ."

ಅತ್ತೆಗೆ ಓದಿ ಹೇಳಿದೆ. "ಎಂಬತ್ತೆರಡು ವರ್ಷ ಕಾದೋರು ಏಳನೇ ಗಂಟೆಗೆ ಎದ್ದು ಹೋಗ್ತಾರಂತಾ?" ಎಂದಳು.

ಮಾರ್ಚ್ ೧೨, ಬುಧವಾರ

ಕುಲತಿಲಕ ಆದೆ. ಹೆಂಡತಿಯ ಹೊಸ ಕನ್ನಡಕಕ್ಕೆಂದು ಇಟ್ಟಿದ್ದ ದುಡ್ಡು. ನನಗೇ ಸ್ಪಷ್ಟವಾಗಿ ಕಾಣದಿದ್ದಾಗ ಅವಳಿಗೆ ಕಂಡು ಏನಾಗಬೇಕು ಎಂದು ಸಮಾಧಾನ ಹೇಳಿದೆ. ಅವಳು ಹಳೆಯ ಕನ್ನಡಕ ಒರೆಸಿಕೊಂಡು ಅಕ್ಕಿ ಆರಿಸಲು ಕೂತಳು.

ಮೊದಲ ನೋಟ ಖರ್ಚು ಮಾಡಿ ಪುಸ್ತಕ ತೆರೆದರೆ ಬಿಳಿ ಹಾಳೆ. ಎರಡನೆಯದೂ ಬಿಳಿ. ರಟ್ಟಿಗೂ ಬರಹಕ್ಕೂ ನಡುವೆ ರಕ್ಷಣೆಗೆಂದು ಎರಡು ಖಾಲಿ ಹಾಳೆ ಹಾಕುವುದು ನಮ್ಮ ಕಸುಬಿನ ಪದ್ಧತಿ. ಅವನ್ನು ಅಂಟಿಸಿದವನೂ ನಾನೇ, ದುಡ್ಡು ಕೊಟ್ಟು ನೋಡಿದವನೂ ನಾನೇ.

ಗ್ರಾಹಕ ಸೇವೆಗೆ ಫೋನು ಹಚ್ಚಿದೆ. ಜೇನಿನಂಥ ದನಿಯ ಹೆಣ್ಣುಮಗಳು.

"ಪುಟ ಖಾಲಿ ಇದೆಯಲ್ಲಮ್ಮ, ಅದಕ್ಕೂ ಶುಲ್ಕವೇ?"

"ಹೌದು ಸಾರ್. ಪುಟ ಖಾಲಿ ಇದೆ ಅನ್ನೋದು ನೋಡಿದ ಮೇಲೇ ಅಲ್ವಾ ಸಾರ್ ನಿಮಗೆ ಗೊತ್ತಾಗಿದ್ದು? ಅದೂ ಒಂದು ಮಾಹಿತಿ."

"ಅದು ಖಾಲಿ ಅಂತ ನನಗೆ ಮೊದಲೇ ಗೊತ್ತಿತ್ತು. ಹಾಕಿದೋನು ನಾನೇ."

"ಹಾಗಿದ್ರೆ ಯಾಕೆ ನೋಡಿದ್ರಿ ಸಾರ್?"

ಫೋನು ಇಟ್ಟೆ.

ಮಾರ್ಚ್ ೧೯, ಬುಧವಾರ

ಪುಟ ಸಿಕ್ಕಿತು. ಅತ್ತೆಗೆ ಇನ್ನೂ ಸಿಕ್ಕಿಲ್ಲ ಎಂದಿದ್ದೇನೆ. ಜಾಲತಾಣದವರ ಕ್ಯಾಮೆರಾ ಸರಿಯಿಲ್ಲ.

ಮಾರ್ಚ್ ೨೦, ಗುರುವಾರ

ಕ್ಯಾಮೆರಾದ್ದೇ ದೋಷ. ಇಲ್ಲದಿದ್ದರೆ ಹೀಗಾಗಲು ಸಾಧ್ಯವಿಲ್ಲ.

ಪುಟದಲ್ಲಿ ಇಬ್ಬರೂ ಇದ್ದಾರೆ, ಮೇಲೊಬ್ಬಳು ಕೆಳಗೊಬ್ಬಳು. ಹೆಸರು, ವಯಸ್ಸು, ಸೇರಿದ ದಿನ, ಹಾಸಿಗೆ ಹದಿನಾಲ್ಕು, ಹಾಸಿಗೆ ಹದಿನೈದು. ಆಸ್ಪತ್ರೆ ಬಿಟ್ಟ ದಿನಕ್ಕೆ ಅಚ್ಚಿನ ಗೆರೆಯೊಳಗೆ ಜಾಗವಿಲ್ಲ, ಅದನ್ನು ಬಲಗಡೆಯ ಅಂಚಿನಲ್ಲಿ ಕೈಯಿಂದ ಬರೆದಿದ್ದಾರೆ. ಅತ್ತೆಯ ಸಾಲಿನ ಬರಹ ಒಳಗೆ ಸರಿದಿದೆ. ಹತ್ತನೇ ತಿಂಗಳು, ಒಂಬತ್ತನೇ ತಾರೀಕು, ಮನೆಗೆ. ಗುಬ್ಬಿಯ ಸಾಲಿನ ಬರಹ ಹೊರಗೆ ಸರಿದಿದೆ. ಒಂದು ಅಂಕಿಯ ಬಾಲ ಕಾಣುತ್ತದೆ. ಅಲ್ಲಿಗೆ ಕಾಗದ ಮುಗಿದಿದೆ.

ಅಂಚು ಬಹಳ ನೇರವಾಗಿದೆ.

ಮಾರ್ಚ್ ೨೪, ಸೋಮವಾರ

ಪುಟದ ಬಲಗಡೆಯ ತುಂಡು ಕಾಣುತ್ತಿಲ್ಲ ಎಂದು ದೂರು ಕೊಟ್ಟೆ. ಜೇನುದನಿಯವಳೇ ಸಿಕ್ಕಳು. ಪರಿಶೀಲನೆಗೆ ಬೇರೆ ಶುಲ್ಕ. ಕಟ್ಟಿದೆ. ಮಧ್ಯಾಹ್ನ ಉತ್ತರ ಬಂತು: "ಛಾಯಾಚಿತ್ರ ಸರಿಯಾಗಿದೆ ಸಾರ್. ಮೂಲದಲ್ಲೇ ಹಾಗಿದೆ. ಯಾರೋ ಕತ್ತರಿಸಿದ್ದಾರೆ."

ಯಾರೋ ಅಂತೆ.

ಮಾರ್ಚ್ ೨೭, ಗುರುವಾರ

ಮೂಲವನ್ನೇ ನೋಡಿಬಿಡೋಣ ಎಂದು ಕಚೇರಿಗೆ ಹೋದೆ. ನಿವೃತ್ತನಾದ ಮೇಲೆ ಮೊದಲ ಸಲ. ನನ್ನ ಬೈಂಡಿಂಗ್ ಕೋಣೆಯಲ್ಲಿ ಈಗ ಸೋಫಾ ಹಾಕಿದ್ದಾರೆ, 'ಸಂಶೋಧಕರ ವಿಶ್ರಾಂತಿ ಕೊಠಡಿ'. ಒಂದು ಕಂಪ್ಯೂಟರೂ ಇದೆ. ಅದರಲ್ಲಿ ಕಾಣುವುದು ಅದೇ ಜಾಲತಾಣ, ಅದೇ ಶುಲ್ಕ. ವಿಶ್ರಾಂತಿ ಮಾತ್ರ ಉಚಿತ.

ಹಿರಿಯ ಗುಮಾಸ್ತ ನನ್ನ ಹಳೆಯ ಗೆಳೆಯ. ಇನ್ನೂ ಒಂದು ವರ್ಷ ಸೇವೆ ಇದೆ. ಮೂಲ ಪುಸ್ತಕಗಳನ್ನೆಲ್ಲ ಒಂದು ದಿನದ ಹಾದಿಯ ಉಗ್ರಾಣಕ್ಕೆ ಕಳಿಸಿದ್ದಾರಂತೆ, ಪ್ಲಾಸ್ಟಿಕ್ ಸುತ್ತಿ. ಯಾರಿಗೂ ತೋರಿಸುವುದಿಲ್ಲ.

"ನಾನು ಕಟ್ಟಿದ ಪುಸ್ತಕ ಮಾರಾಯ."

"ಗಾರೆಯೋನು ಮನೆ ಕಟ್ಟಿದೆ ಅಂತ ಬಂದು ಮಂಚದ ಮೇಲೆ ಮಲಗ್ತಾನೇನೋ?"

ಆಮೇಲೆ ಮೆಲ್ಲಗೆ ಜ್ವರದ ಆಸ್ಪತ್ರೆ ಪುಸ್ತಕದ ಅಂಚಿನ ವಿಷಯ ತೆಗೆದೆ, ಬೇರೆ ಯಾರೋ ಕೇಳಿದರು ಎಂಬಂತೆ. ಅವನು ನಗಲು ಶುರು ಮಾಡಿದ.

"ಆ ವರ್ಷ ಜನ ಜಾಸ್ತಿ, ಅಂಚಲ್ಲೆಲ್ಲ ಬರೆದಿದ್ರು. 'ಅಂಚಿನಲ್ಲಿ ಬರಹವಿದೆ, ಕತ್ತರಿಸಕೂಡದು' ಅಂತ ನಾನೇ ಚೀಟಿ ಬರೆದು ಪುಸ್ತಕದ ಮೇಲಿಟ್ಟು ಕಳಿಸಿದ್ದೆ. ನೀನು ಚೀಟೀನೂ ಸೇರಿಸಿ ಬೈಂಡ್ ಮಾಡಿ ಕಳಿಸಿದ್ದೆ! ಯಾಕೋ ಓದ್ಲಿಲ್ಲ ಅಂದ್ರೆ ಏನಂದೆ ನೆನಪಿದೆಯಾ? 'ಓದೋನು ಕಟ್ಟಲ್ಲ, ಕಟ್ಟೋನು ಓದಲ್ಲ.' ಕಚೇರಿಯಲ್ಲೆಲ್ಲ ಒಂದು ತಿಂಗಳು ಇದೇ ತಮಾಷೆ. ಮೇಲಿನೋರು ಅಂಚು ನೋಡಿ ಪ್ರಶಂಸಾಪತ್ರ ಬೇರೆ ಕೊಟ್ರು."

"ಕತ್ತರಿಸಿದ ತುಂಡುಗಳು?"

"ರದ್ದಿಗೆ. ಇನ್ನೆಲ್ಲಿಗೆ?"

ನಡೆದುಕೊಂಡೇ ಮನೆಗೆ ಬಂದೆ. "ಸಿಕ್ತೇನೋ?" ಎಂದಳು ಅತ್ತೆ. ಕಚೇರಿಗೆ ರಜೆ ಇತ್ತು ಎಂದೆ.

ಏಪ್ರಿಲ್ ೨, ಬುಧವಾರ

ಇನ್ನೂ ಮೂವತ್ತು ನೋಟ ಕೊಂಡೆ. ದಫನದ ಪುಸ್ತಕ ನೋಡಿದೆ. ಆ ತಿಂಗಳು ಹೆಸರು ಬರೆಯುವುದನ್ನೇ ಬಿಟ್ಟು, ದಿನಕ್ಕೆ ಎಷ್ಟು ಎಂದು ಮಾತ್ರ ಬರೆದಿದ್ದಾರೆ. ಗಾಡಿಯವರ ಪುಸ್ತಕ ನೋಡಿದೆ, ಕುದುರೆಗಳ ಹೆಸರುಗಳಿವೆ, ಮಕ್ಕಳದಿಲ್ಲ. ಪುರಸಭೆಯ ನಡವಳಿ ನೋಡಿದೆ. ಜ್ವರವೇ ಇಲ್ಲ ಎಂದು ಸರ್ವಾನುಮತದಿಂದ ಒಪ್ಪಿದ್ದಾರೆ.

ಮೂವತ್ತೂ ಮುಗಿದವು. ಎಲ್ಲ ಪುಸ್ತಕಗಳ ಅಂಚೂ ನೇರವಾಗಿದೆ. ಈಗೀಗ ಮೊದಲು ಅಂಚು ನೋಡಿ ಆಮೇಲೆ ಪುಟ ನೋಡುತ್ತೇನೆ.

ಏಪ್ರಿಲ್ ೪, ಶುಕ್ರವಾರ

ಜಾಲತಾಣದಿಂದ ಪತ್ರ. ಜ್ವರದ ಆಸ್ಪತ್ರೆಗೆ ಸೇರಿದವರೆಲ್ಲ ಸತ್ತವರೆಂದೇ ಅವರ ಯಂತ್ರ ಬರೆದುಕೊಂಡಿದೆಯಂತೆ. "ನಿಮ್ಮ ಪ್ರೀತಿಯ ಅತ್ತೆ ಒಂಬತ್ತನೇ ವಯಸ್ಸಿನಲ್ಲಿ ನಮ್ಮನ್ನಗಲಿದರು. ಅವರ ನೆನಪಿಗೆ ಒಂದು ದೀಪ ಹಚ್ಚಿ. ತಿಂಗಳಿಗೆ ಕೇವಲ ಎರಡು ನೋಟ."

ಅತ್ತೆ ಹಾಲಿಗೆ ಬಿಸ್ಕತ್ತು ಅದ್ದಿಕೊಳ್ಳುತ್ತಿದ್ದಳು. ಕೇಳಿ ಎಷ್ಟು ನಕ್ಕಳೆಂದರೆ ಬಿಸ್ಕತ್ತು ಲೋಟದ ತಳ ಸೇರಿತು.

"ಹಚ್ಚೋ, ಹಚ್ಚು. ಕರೆಂಟು ಹೋದಾಗ ಆಗುತ್ತೆ."

ಅದೇ ಯಂತ್ರ ನನ್ನ ವಂಶವೃಕ್ಷವನ್ನೂ ತಾನೇ ಬೆಳೆಸಿ ಕಳಿಸಿದೆ. ತುದಿಯಲ್ಲಿ ಯಾರಿದ್ದಾರೆ ಗೊತ್ತೇ? ಭಾವನ ಸೇನಾಪತಿಯೇ! ಮಧ್ಯಾಹ್ನ ಕ್ಷೌರದವನ ಅಂಗಡಿಗೆ ಹೋದರೆ ಅವನ ಗೋಡೆಯ ಮೇಲೂ ಅದೇ ಕತ್ತಿ. ಈ ಮನುಷ್ಯನಿಗೆ ಯುದ್ಧಕ್ಕೆ ಹೊತ್ತಾದರೂ ಎಲ್ಲಿತ್ತು?

ಭಾವನಿಗೆ ಫೋನು ಮಾಡಿ ಹೇಳಬೇಕೆಂದು ಹೊರಟೆ. ಅಷ್ಟರಲ್ಲಿ ಅತ್ತೆ ಲೋಟ ತೊಳೆಯಲು ಎದ್ದಳು, ಹಿಡಿದುಕೊಳ್ಳಲು ಹೋದೆ. ಆಮೇಲೆ ಮರೆತುಹೋಯಿತು.

ಏಪ್ರಿಲ್ ೮, ಮಂಗಳವಾರ

ಅತ್ತೆಗೆ ಕೆಮ್ಮು. ಎರಡು ದಿನದಿಂದ ಮಂಚ ಬಿಟ್ಟು ಎದ್ದಿಲ್ಲ. ವೈದ್ಯರು ಬಂದು, ವಯಸ್ಸು ಎಂದರು. ಅದಕ್ಕೂ ಶುಲ್ಕ ತೆಗೆದುಕೊಂಡರು.

ಕೇಳುವುದನ್ನು ಅವಳು ನಿಲ್ಲಿಸಿದ್ದಾಳೆ. ಕೇಳಿದರೆ ವಾಸಿಯಿತ್ತು.

ಏಪ್ರಿಲ್ ೧೧, ಶುಕ್ರವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಅತ್ತೆ ದಿಂಬಿಗೆ ಒರಗಿ ಕೂತಿದ್ದಳು. ಹೆಂಡತಿ ಅವಳ ತಲೆ ಬಾಚುತ್ತಿದ್ದಳು. ನಾನು ಎದುರಿಗೆ ಸ್ಟೂಲಿನ ಮೇಲೆ ಕೂತು, ಪುಟ ಸಿಕ್ಕಿ ಮೂರು ವಾರವಾಯಿತು ಎಂದೆ. ಚೀಟಿಯ ವಿಷಯ, ರದ್ದಿಯ ವಿಷಯ, ಪ್ರಶಂಸಾಪತ್ರದ ವಿಷಯ, ಎಲ್ಲ. ಹೆಂಡತಿಯ ಬಾಚಣಿಗೆ ಅರ್ಧದಲ್ಲೇ ನಿಂತಿತು.

"ಅವಳ ದಿನ ನಾನೇ ಕತ್ತರಿಸಿ ಎಸೆದೆ ಅತ್ತೆ."

ಅತ್ತೆ ನನ್ನ ಕೈಗಳನ್ನು ನೋಡಿದಳು.

"ನಿನಗೆ ಓದಬೇಡ ಅಂದಿದ್ರು, ನೀನು ಓದ್ಲಿಲ್ಲ. ನನಗೆ ಎಬ್ಬಿಸಬೇಡ ಅಂದ್ರು, ನಾನು ಎಬ್ಬಿಸ್ಲಿಲ್ಲ," ಎಂದಳು. "ಇಬ್ಬರೂ ಹೇಳಿದ ಮಾತು ಕೇಳಿದೋರೇ ಬಿಡು."

ನಾನು ಅಲ್ಲೇ ಕೂತಿದ್ದೆ. ಏಳಲು ಮನಸ್ಸಾಗಲಿಲ್ಲ. ಆಸ್ಪತ್ರೆ ಹೇಗಿತ್ತು ಎಂದು ಕೇಳಿದೆ. ಪುಸ್ತಕಕ್ಕಾಗಿ ಕೇಳಿದ್ದಲ್ಲ, ಸುಮ್ಮನೆ ಕೇಳಿದೆ. ಅವಳು ಊಟದ ಹೊತ್ತಿನವರೆಗೂ ಹೇಳಿದಳು. ಸುಣ್ಣದ ವಾಸನೆ. ಎತ್ತರದ ಕಿಟಕಿ, ಮಂಚದ ಮೇಲೆ ನಿಂತರೂ ಎಟುಕದು. ಹದಿನಾರನೇ ಹಾಸಿಗೆಯಲ್ಲಿ ಒಬ್ಬ ಹುಡುಗ, ಕೋಳಿಯ ಹಾಗೆ ಕೂಗಿ ಗುಬ್ಬಿಯನ್ನು ನಗಿಸುತ್ತಿದ್ದ. ದಿನಾ ಸಂಜೆ ಬರುತ್ತಿದ್ದ ಅಡುಗೆಯವನು, ಕೈಯಲ್ಲಿ ದೊಡ್ಡ ಕೊಳಗ.

"ಹಾಲಲ್ಲ ಅದು, ಹಾಲು ತೊಳೆದ ನೀರು. ಆದ್ರೂ ಗುಬ್ಬಿಗೆ ಪ್ರಾಣ. ಮನೇಲಿ ಎಲ್ಲಿತ್ತು ಹಾಲು? ಅವನು ಒಂದೊಂದು ಹಾಸಿಗೆ ಹತ್ರಾನೂ ನಿಂತು, ಲೋಟ ಕೊಟ್ಟು, ಕಿವಿಗೆ ಸಿಕ್ಕಿಸಿದ ಸೀಸದಕಡ್ಡಿ ತೆಗೆದು ಪುಸ್ತಕದಲ್ಲಿ ಬರ್ಕೋತಿದ್ದ."

"ಪುಸ್ತಕದಲ್ಲಿ?" ಎಂದಳು ಹೆಂಡತಿ. ನನಗಿಂತ ಮೊದಲು ಅವಳಿಗೆ ಹೊಳೆದಿತ್ತು.

ಏಪ್ರಿಲ್ ೧೪, ಸೋಮವಾರ

ಜೇನುದನಿಯವಳಿಗೆ ಫೋನು.

"ಅಡುಗೆಮನೆ ಪುಸ್ತಕ ಇದೆ ಸಾರ್. 'ಇತರೆ' ವಿಭಾಗ. ಅದಕ್ಕೆ ಶುಲ್ಕ ಇಲ್ಲ."

"ಯಾಕಮ್ಮ?"

"ಅದನ್ನ ಯಾರೂ ಕೇಳಲ್ಲ ಸಾರ್. ಅದರಲ್ಲಿ ವಂಶ ಇರಲ್ಲ, ಬರೀ ಊಟ ಇರುತ್ತೆ."

ಪುಟಗಳ ಪಟ್ಟಿಯನ್ನೂ ಯಾರೂ ಮಾಡಿಲ್ಲ. ಮೂರು ವರ್ಷದ ಸೌದೆ, ಉಪ್ಪು, ಸೋಪು, ಹಾಲು, ಎಲ್ಲ ಕಲಸಿ ಎರಡು ಸಾವಿರ ಪುಟ. ಒಂದೊಂದಾಗಿ ಮಗುಚಬೇಕು. ಲ್ಯಾಪ್‌ಟಾಪನ್ನು ಅತ್ತೆಯ ಮಂಚಕ್ಕೇ ತಂದೆ.

ಏಪ್ರಿಲ್ ೧೭, ಗುರುವಾರ

ಇನ್ನೂ ಸೌದೆಯಲ್ಲೇ ಇದ್ದೇವೆ. ಜೋರಾಗಿ ಓದು ಎನ್ನುತ್ತಾಳೆ ಅತ್ತೆ, ಓದುತ್ತೇನೆ. ಅವಳಿಗೆ ಯಾವುದೂ ಬೇಸರವಿಲ್ಲ. "ಇಷ್ಟು ಸೋಪು ತಂದ್ರಂತಾ? ನಮ್ಮ ಕಣ್ಣಿಗೆ ಒಂದೂ ಬೀಳ್ಲಿಲ್ಲ. ಕಳ್ಳರು!" ಎಂಬತ್ತೆರಡು ವರ್ಷದ ಮೇಲೆ ಉಗ್ರಾಣದವನು ಸಿಕ್ಕಿಬಿದ್ದ.

ಹೆಂಡತಿ ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಾಳೆ. ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗಿ ಕನ್ನಡಕಕ್ಕೆ ಅಳತೆ ಕೊಡಿಸಿ ಬಂದೆ.

ಏಪ್ರಿಲ್ ೨೨, ಮಂಗಳವಾರ

ಹಾಲಿನ ಪುಟಗಳು ಬಂದವು. ದಿನಕ್ಕೊಂದು ಪುಟ, ನಲವತ್ತು ಹಾಸಿಗೆ, ಪ್ರತಿ ಹಾಸಿಗೆಯ ಮುಂದೆ ಎಷ್ಟು ಲೋಟ ಎಂದು ಸೀಸದಕಡ್ಡಿಯ ಬರಹ. ಇದನ್ನು ಯಾರೂ ಬೈಂಡ್ ಮಾಡಿಸಿಲ್ಲ, ದಾರದಲ್ಲಿ ಪೋಣಿಸಿದ್ದಾರೆ ಅಷ್ಟೆ. ಅಂಚುಗಳು ಇಲಿ ತಿಂದ ಹಾಗೆ ಒಡ್ಡೊಡ್ಡಾಗಿವೆ. ಎಲ್ಲ ಅಕ್ಷರಗಳೂ ಇವೆ.

ಹತ್ತನೇ ತಿಂಗಳ ಒಂಬತ್ತು ಬಂತು. ಹದಿನಾಲ್ಕಕ್ಕೆ ಒಂದು, ಹದಿನೈದಕ್ಕೆ ಒಂದು. ಆದರೆ ಬೆಳಿಗ್ಗೆಯೇ ಹೊರಟುಹೋದ ಹದಿನಾಲ್ಕಕ್ಕೂ ಒಂದು ಇದೆ, ಅಂದರೆ ಅಡುಗೆಯವನು ಕಚೇರಿಯವರ ಹಿಂದಿನ ದಿನದ ಪಟ್ಟಿ ನೋಡಿ ಬರೆದದ್ದಿರಬಹುದು. ಅದರಿಂದ ಏನೂ ಹೇಳಲಾಗದು. ಮುಂದಿನ ಪುಟಕ್ಕೆ ಕೈ ಹಾಕಿದೆ.

"ತಡಿ," ಎಂದಳು ಅತ್ತೆ.

ನನ್ನ ಹೆಂಡತಿಯನ್ನು ಕರೆದಳು. ಮುಖ ತೊಳೆಸಿಕೊಂಡಳು. ತಲೆ ಬಾಚಿಸಿಕೊಂಡಳು. ಒಗೆದ ಸೀರೆ ಉಟ್ಟುಕೊಂಡಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, "ಈಗ ತೆಗಿ," ಎಂದಳು.

ತೆಗೆದೆ. ಹತ್ತನೇ ತಾರೀಕು. ಹದಿನಾಲ್ಕಕ್ಕೆ ಒಂದು. ಹದಿನೈದಕ್ಕೆ ಒಂದು. ಪಕ್ಕದಲ್ಲಿ ಅಡುಗೆಯವನು ಬರೆದಿದ್ದಾನೆ: "ಹದಿನಾಲ್ಕು ಮನೆಗೆ ಹೋಯಿತು. ಕಚೇರಿಯವರು ಹೆಸರು ಹೊಡೆದಿಲ್ಲ. ಹದಿನಾಲ್ಕರ ಹಾಲೂ ಹದಿನೈದಕ್ಕೆ ಕೊಟ್ಟೆ."

ಎರಡು ಸಲ ಓದಿದೆ.

"ಇದ್ಲು," ಎಂದಳು ಅತ್ತೆ.

"ಇದ್ಲು ಅತ್ತೆ."

"ನಿದ್ದೇನೇ ಮಾಡ್ತಿದ್ಲು."

ಹನ್ನೊಂದು. ಹನ್ನೆರಡು. ಹದಿಮೂರು. ಪ್ರತಿ ಪುಟದಲ್ಲೂ ಅದೇ ಎರಡು ಸಾಲು, ಅದೇ ಮಾತು: ಹದಿನಾಲ್ಕರದು ಹದಿನೈದಕ್ಕೆ. ಕಚೇರಿಯ ಯಾವನೋ ಸೋಮಾರಿ ಗುಮಾಸ್ತ ಒಂದು ಗೀಟು ಎಳೆಯಲು ಮರೆತು ಕೂತಿದ್ದ. ನನ್ನ ಹಾಗೆ ಅಚ್ಚುಕಟ್ಟಿನವನಾಗಿದ್ದರೆ ಹತ್ತನೇ ತಾರೀಕೇ ಹೊಡೆದು ಹಾಕುತ್ತಿದ್ದ. ಇಪ್ಪತ್ತನೇ ತಾರೀಕಿನವರೆಗೂ ಹೀಗೇ ಇದೆ. ಇಪ್ಪತ್ತೊಂದರಲ್ಲಿ ಹದಿನೈದರ ಮುಂದೆ ಒಂದು ಅಡ್ಡಗೆರೆ. ಹದಿನಾಲ್ಕರ ಮುಂದೆಯೂ ಒಂದು.

ಹೆಂಡತಿ ಬಾಗಿಲ ಬಳಿ ನಿಂತಿದ್ದಳು. ಅತ್ತೆ ಬೆರಳು ಮಡಿಚಿ ಲೆಕ್ಕ ಹಾಕಿದಳು.

"ಹನ್ನೊಂದು ದಿನ. ಎದ್ದಾಗ ನನ್ನ ಹುಡುಕಿರ್ತಾಳೆ ಅಲ್ವೇನೋ?"

ಇಲ್ಲ ಎನ್ನಬಹುದಿತ್ತು. ಚಿಕ್ಕ ಮಗು, ಜ್ವರ, ಏನು ತಿಳಿಯುತ್ತದೆ ಎನ್ನಬಹುದಿತ್ತು.

"ಹುಡುಕಿರ್ತಾಳೆ," ಎಂದೆ.

"ಅತ್ತಿರ್ತಾಳೆ."

"ಅತ್ತಿರ್ತಾಳೆ ಅತ್ತೆ."

"ಎರಡು ಲೋಟ ಕೊಟ್ಟಿದಾರೆ."

"ದಿನಾ ಎರಡು."

ಆಮೇಲೆ ಅತ್ತೆ ಅತ್ತಳು. ಸದ್ದಿಲ್ಲದೆ, ನೆಟ್ಟಗೆ ಕೂತೇ. ನಾನು ಒಂಬತ್ತನೇ ತಾರೀಕಿಗೆ ಹಿಂದಿರುಗಿ ಮತ್ತೆ ಮೊದಲಿಂದ ಓದಿದೆ, ಹನ್ನೆರಡು ಪುಟ. ಅವಳೇ ಓದು ಎಂದಳು.

ಏಪ್ರಿಲ್ ೨೪, ಗುರುವಾರ

ಕೆಮ್ಮು ಕಡಿಮೆಯಾಗಿಲ್ಲ. ಆದರೂ ಬೆಳಿಗ್ಗೆ ಎದ್ದವಳೇ ಲ್ಯಾಪ್‌ಟಾಪ್ ತಾ ಎಂದಳು.

ಕುಲತಿಲಕ ಯೋಜನೆ ನಿನ್ನೆಗೆ ಮುಗಿಯಿತಂತೆ, ಪೂರ್ವಜರಿಗೆ ಬೇಸರವಾಗಿದೆ ಎಂದು ಪತ್ರ ಬಂದಿತ್ತು. ಪೂರ್ತಿ ಓದಲು ಹೊತ್ತಾಗಲಿಲ್ಲ. ಅತ್ತೆಗೆ ಹದಿನಾರನೇ ಹಾಸಿಗೆಯ ಚಿಂತೆ.

"ಕೋಳಿ ಕೂಗೋನು ಏನಾದ ನೋಡೋ."

ಇಪ್ಪತ್ತೊಂದು, ಹಾಲು ಒಂದು. ಇಪ್ಪತ್ತೆರಡು, ಒಂದು. ಇಪ್ಪತ್ತೈದರಲ್ಲಿ ಅವನ ಸಾಲು ಖಾಲಿ. ಅತ್ತೆ ನನ್ನ ಮೊಣಕೈ ಹಿಡಿದುಕೊಂಡಳು. ಹೆಂಡತಿ ಹೊಸ ಕನ್ನಡಕ ಏರಿಸಿಕೊಂಡು ಬಂದು ನನ್ನ ಬೆನ್ನ ಹಿಂದೆ ಬಗ್ಗಿದಳು. ಇಪ್ಪತ್ತಾರರ ಪುಟ ಮಗುಚಿದೆ.

ಹದಿನಾರು: ಹಾಲು ಬೇಡ. ಊಟ.

"ಊಟ!" ಎಂದು ಕೂಗಿ ಅತ್ತೆ ಎರಡು ಕೈಯಿಂದ ಚಪ್ಪಾಳೆ ತಟ್ಟಿದಳು.